ದೆವ್ವದ ಸಿನಿಮಾ ಈಗ ಯಾಕೆ ಹೆದರಿಸುವುದಿಲ್ಲ?



ಈ ಬಳಗದಲ್ಲಿ ನಲವತ್ತು ದಾಟಿದವರಿಗೆ ‘ನಾಳೆ ಬಾ’ ನೆನಪಿರುತ್ತದೆ. 1990ರ ದಶಕದಲ್ಲಿ ಬೆಂಗಳೂರಿನ ಎಷ್ಟೋ ಮನೆಗಳ ಬಾಗಿಲ ಮೇಲೆ ಬರೆದಿರುತ್ತಿದ್ದ ಎರಡು ಪದ. ರಾತ್ರಿ ಒಂದು ಹೆಣ್ಣು ದೆವ್ವ ಬಂದು ಬಾಗಿಲು ಬಡಿಯುತ್ತದೆ, ಮನೆಯವರದೇ ದನಿಯಲ್ಲಿ ಕರೆಯುತ್ತದೆ, ಬಾಗಿಲು ತೆಗೆದವರು ಸಾಯುತ್ತಾರೆ ಎಂಬ ಸುದ್ದಿ ಊರೆಲ್ಲ ಹಬ್ಬಿತ್ತು. ಬಾಗಿಲ ಮೇಲೆ ‘ನಾಳೆ ಬಾ’ ಎಂದಿದ್ದರೆ ಅದು ಓದಿಕೊಂಡು ವಾಪಸ್ ಹೋಗುತ್ತದಂತೆ. ಮರುದಿನ ಬಂದಾಗಲೂ ಅದೇ ಬರಹ, ಮತ್ತೆ ವಾಪಸ್. ದೆವ್ವಕ್ಕೆ ಕನ್ನಡ ಓದಲು ಯಾರು ಕಲಿಸಿದರು ಎಂದು ಯಾರೂ ಕೇಳಲಿಲ್ಲ. ಒಂದೇ ಗಲ್ಲಿಯಲ್ಲಿ ನಾಲ್ಕು ಭಾಷೆ ಆಡುವ ಶಿವಾಜಿನಗರಕ್ಕೆ ಬಂದು ಅದು ಏನು ಮಾಡುತ್ತಿತ್ತೋ!

2018ರಲ್ಲಿ ಹಿಂದಿಯ ‘ಸ್ತ್ರೀ’ ಸಿನಿಮಾ ಇದೇ ಎಳೆಯನ್ನು ಹಿಡಿದು ಜನರನ್ನು ನಗಿಸಿತು. ಒಂದು ಕಾಲದಲ್ಲಿ ಮಲಗುವ ಮುಂಚೆ ಚಿಲಕವನ್ನು ಎರಡೆರಡು ಸಲ ಮುಟ್ಟಿ ನೋಡುತ್ತಿದ್ದವರೇ ದುಡ್ಡು ಕೊಟ್ಟು ಕೂತು ನಕ್ಕರು. ಸಿನಿಮಾದ ಮಾತೂ ಹಾಗೆಯೇ. ಹತ್ತು ವರ್ಷದವರಾಗಿದ್ದಾಗ ಕಣ್ಣು ಮುಚ್ಚಿಕೊಂಡು ಬೆರಳ ಸಂದಿಯಿಂದ ನೋಡಿದ ಚಿತ್ರವನ್ನು ಈಗ ಮೊಬೈಲಿನಲ್ಲಿ ಹಾಕಿದರೆ, ಅಯ್ಯೋ ಇದಕ್ಕಾ ನಾನು ಹೆದರಿದ್ದು ಅನ್ನಿಸುತ್ತದೆ. ಚಿತ್ರ ಬದಲಾಗಿಲ್ಲ. ಹಾಗಾದರೆ ಆ ಭಯ ಎಲ್ಲಿತ್ತು, ಎಲ್ಲಿಗೆ ಹೋಯಿತು? ಇಂದಿನ ಪಾಠ ಇದರ ಮೇಲೆ.

ಮೊದಲು ಮಕ್ಕಳಿಂದ ಶುರು ಮಾಡೋಣ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿದ್ದ ಜೋಆನ್ ಕ್ಯಾಂಟರ್ ಎಂಬ ಸಂಶೋಧಕಿ ಟಿವಿ, ಸಿನಿಮಾ ನೋಡಿ ಮಕ್ಕಳು ಹೆದರುವುದನ್ನೇ ವರ್ಷಗಟ್ಟಲೆ ಅಧ್ಯಯನ ಮಾಡಿದರು. ‘ಹಲ್ಕ್’ ಧಾರಾವಾಹಿಯಲ್ಲಿ ಒಬ್ಬ ಸಾಧಾರಣ ಮನುಷ್ಯ ಹಸಿರು ಬಣ್ಣದ ದೈತ್ಯನಾಗಿ ಬದಲಾಗುತ್ತಾನೆ, ಬದಲಾಗಿ ಕಷ್ಟದಲ್ಲಿರುವವರನ್ನು ಕಾಪಾಡುತ್ತಾನೆ. ದೊಡ್ಡ ಮಕ್ಕಳಿಗೆ ಅವನು ಕಾಪಾಡುವವನು ಎಂಬುದು ಅರ್ಥವಾಗುತ್ತಿತ್ತು. ಇನ್ನೂ ಶಾಲೆಗೆ ಸೇರದ ಪುಟ್ಟ ಮಕ್ಕಳು ಮಾತ್ರ ಆ ರೂಪ ಬದಲಾಗುವ ಕ್ಷಣಕ್ಕೇ ಹೆದರುತ್ತಿದ್ದರು. ಪುಟ್ಟ ಮಗುವಿಗೆ ಹೇಗೆ ಕಾಣುತ್ತದೋ ಅದೇ ನಿಜ. ಏಳೆಂಟು ವರ್ಷದ ಹೊತ್ತಿಗೆ ಕಾಣುವುದು ಬೇರೆ, ಇರುವುದು ಬೇರೆ ಎಂಬ ತಿಳಿವಳಿಕೆ ಗಟ್ಟಿಯಾಗತೊಡಗುತ್ತದೆ. ಆಮೇಲೆ ಮಗು ಕೋರೆಹಲ್ಲಿಗಿಂತ ಹೆಚ್ಚಾಗಿ ನಿಜವಾಗಿ ನಡೆಯಬಹುದಾದ ಸಂಗತಿಗೆ ಹೆದರುತ್ತದೆ: ಮನೆಗೆ ಬೆಂಕಿ ಬೀಳುವುದು, ಅಮ್ಮ ಸತ್ತುಹೋಗುವುದು, ಯಾರೋ ಹೊತ್ತುಕೊಂಡು ಹೋಗುವುದು.

ಇನ್ನೊಂದು ಕಾರಣ ರೂಢಿ. ಬಾಗಿಲು ಕಿರ್‍ರೆನ್ನುತ್ತದೆ, ಸಂಗೀತ ನಿಲ್ಲುತ್ತದೆ, ಬೆಕ್ಕೊಂದು ಹಾರುತ್ತದೆ, ಅದು ಬರೀ ಬೆಕ್ಕು ಎಂದು ಉಸಿರು ಬಿಡುವಷ್ಟರಲ್ಲಿ ಹಿಂದೆ ಯಾರೋ ನಿಂತಿರುತ್ತಾರೆ. ಇಪ್ಪತ್ತು ಸಿನಿಮಾ ನೋಡಿದವರಿಗೆ ಬೆಕ್ಕು ಹಾರಿದ ಕೂಡಲೇ ಹಿಂದೆ ಇರುವವರು ಗೊತ್ತಾಗುತ್ತಾರೆ. ಸದ್ದಿಗೆ ಬೆಚ್ಚುವ ಮೈಯೂ ಅದೇ ಸದ್ದು ಮತ್ತೆ ಮತ್ತೆ ಬಂದರೆ ಬೆಚ್ಚುವುದನ್ನು ಕಡಿಮೆ ಮಾಡುತ್ತದೆ.

ಮೂರನೆಯದು, ಅದನ್ನು ಹೇಗೆ ಮಾಡಿದ್ದಾರೆ ಎಂದು ತಿಳಿಯುವುದು. ಕಂಟೋನ್ಮೆಂಟಿನ ಹಿರಿಯರು ಲಿಡೊ, ಪ್ಲಾಜಾ, ರೆಕ್ಸ್ ಟಾಕೀಸುಗಳ ಕಾಲದವರು, ಇಂಗ್ಲಿಷ್ ಸಿನಿಮಾ ನೋಡಿ ಪಳಗಿದವರು. 1973ರ ‘ಎಕ್ಸಾರ್ಸಿಸ್ಟ್’ ಹೆಸರು ಎತ್ತಿದರೆ ಈಗಲೂ ಕೆಲವರು ಮುಖ ಕಿವುಚುತ್ತಾರೆ. ಅದರಲ್ಲಿ ಹುಡುಗಿ ಕಕ್ಕುವ ಹಸಿರು ವಾಂತಿ ಬಟಾಣಿ ಸೂಪು. ಕೋಣೆಯಲ್ಲಿ ಎಲ್ಲರ ಬಾಯಿಂದ ಹೊಗೆಯಂತೆ ಉಸಿರು ಬರುವುದಕ್ಕೆ ಕಾರಣ, ಆ ಸೆಟ್ಟನ್ನು ನಿಜವಾಗಿಯೂ ಮಂಜಿನ ಪೆಟ್ಟಿಗೆಯ ಹಾಗೆ ತಣ್ಣಗಾಗಿಸಿದ್ದರು. ಇದನ್ನು ತಿಳಿದ ಮೇಲೆ ಅದೇ ದೃಶ್ಯ ನೋಡಿ, ಭಯ ಅರ್ಧಕ್ಕೆ ಇಳಿದಿರುತ್ತದೆ.

ತಥಾಗತರು ಹೇಳಿದ್ದಕ್ಕೂ ಇದಕ್ಕೂ ಹತ್ತಿರದ ನಂಟಿದೆ. ಮಜ್ಝಿಮ ನಿಕಾಯದ ಮಧುಪಿಂಡಿಕ ಸುತ್ತದಲ್ಲಿ ಮನಸ್ಸು ಕಥೆ ಕಟ್ಟುವ ಕ್ರಮವನ್ನು ಬಿಡಿಸಿಟ್ಟಿದೆ. ಕಣ್ಣು, ರೂಪ, ಎರಡೂ ಕೂಡಿ ಹುಟ್ಟುವ ಅರಿವು, ಈ ಮೂರೂ ಸೇರಿದಾಗ ಫಸ್ಸ, ಅಂದರೆ ಸ್ಪರ್ಶ. ಸ್ಪರ್ಶದಿಂದ ವೇದನೆ, ಅದನ್ನು ‘ಇದು ಇಂಥದ್ದು’ ಎಂದು ಗುರುತಿಸುವ ಸಞ್ಞಾ, ಅದರ ಮೇಲೆ ಯೋಚನೆ, ಆ ಯೋಚನೆ ಹಬ್ಬಿ ಬಳ್ಳಿಯಾದರೆ ಪಪಂಚ. ಕತ್ತಲಲ್ಲಿ ಒಗೆದು ಹಾಕಿದ ಸೀರೆ ಅಲುಗಾಡಿತು ಎಂದಿಟ್ಟುಕೊಳ್ಳಿ. ಕಂಡದ್ದು ಅಲುಗಾಟ ಅಷ್ಟೆ. ಅದು ಹೆಂಗಸು, ಅವಳು ಸತ್ತವಳು, ನನಗಾಗಿ ಬಂದವಳು ಎಂಬುದೆಲ್ಲ ನಾವು ಸೇರಿಸಿದ್ದು. ವಯಸ್ಸಾದಂತೆ ಸಿನಿಮಾದ ಮಟ್ಟಿಗೆ ಈ ಸರಪಳಿ ನಮಗೆ ಗೊತ್ತಿಲ್ಲದೆಯೇ ಎಲ್ಲೋ ಒಂದು ಕಡೆ ಕಡಿದುಹೋಗುತ್ತದೆ. ಯಾರೂ ಧ್ಯಾನ ಮಾಡಬೇಕಾಗಿಲ್ಲ, ಶೀಲ ಪಾಲಿಸಬೇಕಾಗಿಲ್ಲ. ಹಾಗೆ ಪುಕ್ಕಟೆ ಸಿಕ್ಕ ಧೈರ್ಯ ಎಷ್ಟು ದೂರ ಬರುತ್ತದೆ ಎಂಬುದೇ ಪ್ರಶ್ನೆ.

ಅಷ್ಟು ದೂರ ಬರುವುದಿಲ್ಲ ಎನ್ನುವುದಕ್ಕೆ ನಮ್ಮದೇ ಸಿನಿಮಾ ಸಾಕ್ಷಿ. 2004ರಲ್ಲಿ ಬಂದ ‘ಆಪ್ತಮಿತ್ರ’ವನ್ನು ನೋಡದವರು ಕಡಿಮೆ. ಮಲಯಾಳದ ‘ಮಣಿಚಿತ್ರತಾಳು’ (1993) ಕಥೆಯನ್ನೇ ಕನ್ನಡಕ್ಕೆ ತಂದದ್ದು. ಹಳೆಯ ಬಂಗಲೆಯಲ್ಲಿ ನಾಗವಲ್ಲಿಯ ಆತ್ಮ ಇದೆ ಎಂದು ಎಲ್ಲರೂ ನಡುಗುತ್ತಿರುವಾಗ, ವಿಷ್ಣುವರ್ಧನ್ ಮಾಡಿದ ಮನೋವೈದ್ಯನ ಪಾತ್ರ ಅದು ಗಂಗಾ ಎಂಬ ಹೆಣ್ಣುಮಗಳ ಮನಸ್ಸಿನ ಕಾಯಿಲೆ ಎಂದು ಪತ್ತೆ ಮಾಡುತ್ತದೆ. ಸಿನಿಮಾದಲ್ಲಿ ಮಂತ್ರ, ಪೂಜೆಯೂ ಇದೆ ಎನ್ನುವುದು ನಿಜ. ಆದರೂ ಕಥೆಯ ತಿರುಳು ‘ದೆವ್ವ ಇಲ್ಲ, ನೊಂದ ಮನಸ್ಸಿದೆ’ ಎಂಬುದೇ.

ಗಂಗಾ ಪಾತ್ರ ಮಾಡಿದ ಸೌಂದರ್ಯ ಅವರು ಚಿತ್ರ ಬಿಡುಗಡೆಯಾಗುವ ಮುಂಚೆಯೇ, 2004ರ ಏಪ್ರಿಲ್ 17ರಂದು, ಜಕ್ಕೂರಿನಿಂದ ಮೇಲೆದ್ದ ಸಣ್ಣ ವಿಮಾನ ಬಿದ್ದು ತೀರಿಕೊಂಡರು. ವಿಷ್ಣುವರ್ಧನ್ 2009ರ ಡಿಸೆಂಬರ್ 30ರಂದು ಮೈಸೂರಿನಲ್ಲಿ ಹೃದಯಾಘಾತದಿಂದ ಹೋದರು. ಅವರಿಗೆ 59 ವರ್ಷ. ಮುಂದಿನ ಭಾಗ ‘ಆಪ್ತರಕ್ಷಕ’ 2010ರಲ್ಲಿ ತೆರೆಗೆ ಬಂದಾಗ ಅವರಿರಲಿಲ್ಲ. ಆಗ ಜನ ಏನು ಮಾತಾಡಿಕೊಂಡರು ಎಂದು ನೆನಪು ಮಾಡಿಕೊಳ್ಳಿ. ನಾಗವಲ್ಲಿಯ ಶಾಪ! ದೆವ್ವ ಇಲ್ಲ ಎಂದು ಎರಡೂವರೆ ಗಂಟೆ ಹೇಳಿದ ಸಿನಿಮಾವನ್ನು ಚಪ್ಪಾಳೆ ತಟ್ಟಿ ನೋಡಿ ಹೊರಗೆ ಬಂದು, ಅದೇ ದೆವ್ವ ಇಬ್ಬರು ಕಲಾವಿದರನ್ನು ಕೊಂದಿತು ಎಂದರು. ಹೇಳಿದವರು ಮಕ್ಕಳಲ್ಲ. ಪರದೆಯ ಮೇಲೆ ನಾಗವಲ್ಲಿ ಕುಣಿದಾಗ ಪಾಪ್‌ಕಾರ್ನ್ ತಿನ್ನುತ್ತಿದ್ದ ದೊಡ್ಡವರು.

ಅಂದರೆ ನಮಗೆ ಕಡಿಮೆಯಾಗಿದ್ದು ಪರದೆಯ ಭಯ ಮಾತ್ರ. ಪರದೆ ಎಂದು ಗೊತ್ತಿರುವ ಕಡೆ ಧೈರ್ಯವಾಗಿ ಕೂರುತ್ತೇವೆ. ಪರದೆ ಇದೆಯೆಂದೇ ಗೊತ್ತಾಗದ ಕಡೆ, ಅಂದರೆ ಊರಿನ ಮಾತಿನಲ್ಲಿ, ಮನೆಯ ಆಚರಣೆಯಲ್ಲಿ, ಕೈಯಲ್ಲಿರುವ ಈ ಮೊಬೈಲಿನಲ್ಲಿ, ನಾವು ಇನ್ನೂ ನಾಲ್ಕು ವರ್ಷದ ಮಗು.

2012ರ ಆಗಸ್ಟ್‌ನಲ್ಲಿ ಈಶಾನ್ಯ ರಾಜ್ಯಗಳ ಸಾವಿರಾರು ಜನ ನಮ್ಮ ನಗರದಿಂದ ಗಂಟುಮೂಟೆ ಕಟ್ಟಿ ಗುವಾಹಟಿ ರೈಲು ಹತ್ತಿದರು. ಹೋಟೆಲಿನಲ್ಲಿ, ಬ್ಯೂಟಿ ಪಾರ್ಲರಿನಲ್ಲಿ, ಸೆಕ್ಯುರಿಟಿ ಕೆಲಸದಲ್ಲಿ ಇದ್ದವರು, ಕಾಲೇಜು ಮಕ್ಕಳು. ದಾಳಿಯಾಗುತ್ತದೆ ಎಂಬ ಎಸ್‌ಎಂಎಸ್ ಮತ್ತು ವದಂತಿ ಅಷ್ಟಕ್ಕೆ ಸಾಕಾಯಿತು. ರೈಲ್ವೆ ವಿಶೇಷ ರೈಲು ಬಿಡಬೇಕಾಯಿತು. 2018ರ ಮೇ ತಿಂಗಳಲ್ಲಿ ಚಾಮರಾಜಪೇಟೆಯ ಕಡೆ, ಕೆಲಸ ಹುಡುಕಿ ಬಂದಿದ್ದ ರಾಜಸ್ಥಾನದ ಯುವಕನನ್ನು ಮಕ್ಕಳ ಕಳ್ಳ ಎಂದು ಜನ ಹೊಡೆದು ಕೊಂದರು. ಅದೇ ವರ್ಷ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳಿಗೆ ಚಾಕೊಲೇಟ್ ಕೊಟ್ಟದ್ದೇ ತಪ್ಪಾಗಿ ಹೈದರಾಬಾದಿನ ಎಂಜಿನಿಯರ್ ಒಬ್ಬರ ಪ್ರಾಣ ಹೋಯಿತು. ಅದಾದ ಕೆಲವೇ ದಿನಗಳಲ್ಲಿ ಭಾರತದಲ್ಲಿ ವಾಟ್ಸಾಪ್ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಷ್ಟೇ ಫಾರ್ವರ್ಡ್ ಮಾಡಬಹುದೆಂದು ಮಿತಿ ಹಾಕಿತು. ಈ ಪಾಠವನ್ನು ನೀವು ಇನ್ನೊಬ್ಬರಿಗೆ ಕಳಿಸುವಾಗಲೂ ಆ ಮಿತಿ ಎದುರಾಗುತ್ತದೆ.

ಹೊಡೆದವರು ಯಾರೂ ರಾಕ್ಷಸರಾಗಿರಲಿಲ್ಲ, ಹೆದರಿದ ಅಪ್ಪಂದಿರು, ಅಣ್ಣಂದಿರು. ಇದನ್ನು ಬರೆಯುವಾಗ ಕೈ ತಡೆಯುತ್ತದೆ, ಆದರೆ ಹೇಳಲೇಬೇಕು.

ಇನ್ನು ನಮ್ಮ ಮನೆಗಳಿಗೆ ಬರೋಣ. ತ್ರಿಶರಣ ಪಂಚಶೀಲ ತೆಗೆದುಕೊಂಡು, ಬಾಬಾಸಾಹೇಬರ 22 ಪ್ರತಿಜ್ಞೆಗಳನ್ನು ಎದ್ದು ನಿಂತು ಹೇಳಿದವರು ನಾವು. ಶ್ರಾದ್ಧ ಮಾಡುವುದಿಲ್ಲ, ಪಿಂಡ ಇಡುವುದಿಲ್ಲ ಎಂಬುದೂ ಅದರಲ್ಲಿದೆ. ಆದರೆ ಮಹಾಲಯ ಅಮಾವಾಸ್ಯೆ ಹತ್ತಿರ ಬಂದಾಗ ಎಷ್ಟೋ ಮನೆಯಲ್ಲಿ ಮಾತು ತಗ್ಗುತ್ತದೆ. ‘ಎಡೆ ಇಡದಿದ್ದರೆ ಹಿರಿಯರು ಕಾಡುತ್ತಾರೆ’ ಎಂದು ಅತ್ತೆ ಅನ್ನುತ್ತಾರೆ. ಸೊಸೆ ಒಪ್ಪುವುದಿಲ್ಲ. ಅದೇ ವಾರ ಮಗುವಿಗೆ ಜ್ವರ ಬರುತ್ತದೆ. ಡೆಂಗಿ ಕಾಲ, ಬೀದಿಯಲ್ಲಿ ಹತ್ತು ಮಕ್ಕಳಿಗೆ ಜ್ವರ ಇದೆ, ಎಡೆ ಇಟ್ಟ ಮನೆಯ ಮಕ್ಕಳಿಗೂ ಇದೆ. ಆದರೂ ರಾತ್ರಿ ಮಗುವಿನ ಹಣೆ ಮುಟ್ಟಿ ನೋಡುವ ತಾಯಿಯ ಎದೆಯಲ್ಲಿ ಆ ಮಾತು ಕುಟುಕುತ್ತದೆ. ಅಂಥ ತಾಯಿಗೆ ‘ನೀನೆಂಥ ಬೌದ್ಧಳು’ ಎಂದು ಕೇಳುವವರು ದಯವಿಟ್ಟು ಬಾಯಿ ಮುಚ್ಚಿಕೊಳ್ಳಲಿ. ಆ ಹೆದರಿಕೆ ಅವಳೊಬ್ಬಳದಲ್ಲ, ನೂರಾರು ವರ್ಷಗಳ ಹೂಡಿಕೆ ಅದರಲ್ಲಿದೆ.

ಬಾಬಾಸಾಹೇಬರು ‘ಬುದ್ಧ ಮತ್ತು ಅವನ ಧಮ್ಮ’ ಗ್ರಂಥದಲ್ಲಿ ಯಾವುದು ಧಮ್ಮವಲ್ಲ ಎಂದು ವಿವರಿಸುವಾಗ ಮೊದಲಿಗೇ ಎತ್ತಿಕೊಳ್ಳುವುದು ಅಲೌಕಿಕ ಶಕ್ತಿಯ ಮೇಲಿನ ನಂಬಿಕೆಯನ್ನು. ನಡೆಯುವ ಪ್ರತಿಯೊಂದಕ್ಕೂ ಕಾರಣ ಇರುತ್ತದೆ, ಅದು ಮನುಷ್ಯರ ಕೆಲಸವಾಗಿರುತ್ತದೆ ಅಥವಾ ನಿಸರ್ಗದ್ದು ಎಂದು ಅವರು ಬುದ್ಧರ ವಿಚಾರವನ್ನು ಬಿಡಿಸುತ್ತಾರೆ. ಕಾರಣವನ್ನು ದೇವರ, ದೆವ್ವದ ತಲೆಗೆ ಕಟ್ಟಿದ ಕೂಡಲೇ ಹುಡುಕಾಟ ನಿಂತುಹೋಗುತ್ತದೆ. ಮೇಲಿನ ಉದಾಹರಣೆಯಲ್ಲಿ ಇದು ಬರೀ ತತ್ತ್ವದ ಮಾತಾಗಿ ಉಳಿಯುವುದಿಲ್ಲ. ಜ್ವರಕ್ಕೆ ಹಿರಿಯರು ಕಾರಣ ಎಂದುಕೊಂಡರೆ ರಕ್ತ ಪರೀಕ್ಷೆ ಎರಡು ದಿನ ತಡವಾಗುತ್ತದೆ. ಡೆಂಗಿಯಲ್ಲಿ ಎರಡು ದಿನ ದೊಡ್ಡದು.

ಹಾಗಾದರೆ ಏನು ಮಾಡಬೇಕು? ಬುದ್ಧರು ಸ್ವತಃ ಏನು ಮಾಡಿದರು ಎಂಬುದು ಭಯಭೇರವ ಸುತ್ತದಲ್ಲಿದೆ. ಮಜ್ಝಿಮ ನಿಕಾಯದ ನಾಲ್ಕನೇ ಸುತ್ತ. ಶ್ರಾವಸ್ತಿಯ ಜೇತವನದಲ್ಲಿ ಜಾಣುಸ್ಸೋಣಿ ಎಂಬ ಬ್ರಾಹ್ಮಣ ಬಂದು, ಕಾಡಿನ ಒಂಟಿ ವಾಸ ಬಹಳ ಕಷ್ಟವಲ್ಲವೇ ಎನ್ನುತ್ತಾನೆ. ಬುದ್ಧರು ಇಲ್ಲ ಎನ್ನುವುದಿಲ್ಲ. ಬೋಧಿ ಪಡೆಯುವ ಮುಂಚೆ ನನಗೂ ಹಾಗೆಯೇ ಅನ್ನಿಸುತ್ತಿತ್ತು ಎಂದು ಒಪ್ಪಿಕೊಳ್ಳುತ್ತಾರೆ. ಆಮೇಲೆ ತಾವು ಮಾಡಿದ ಪ್ರಯೋಗವನ್ನು ಹೇಳುತ್ತಾರೆ. ಪಕ್ಷದ ಎಂಟನೇ, ಹದಿನಾಲ್ಕನೇ, ಹದಿನೈದನೇ ರಾತ್ರಿಗಳನ್ನೇ ಆರಿಸಿಕೊಂಡು, ಜನ ಮೈ ನವಿರೇಳುತ್ತದೆ ಎಂದು ದೂರ ಇರುತ್ತಿದ್ದ ತೋಪು, ಮರದ ಗುಡಿಗಳಿಗೆ ಹೋಗಿ ಇರುತ್ತಿದ್ದರು. ಗಮನಿಸಿ, ಅಮಾವಾಸ್ಯೆಯ ರಾತ್ರಿಯೂ ಅದರಲ್ಲಿ ಸೇರಿದೆ. ಊರು ಬಾಗಿಲು ಹಾಕಿಕೊಳ್ಳುವ ರಾತ್ರಿಯನ್ನೇ ಅವರು ಬೇಕೆಂದು ಹಿಡಿದರು.

ಅಲ್ಲಿ ಪ್ರಾಣಿಯೊಂದು ಸುಳಿಯುತ್ತದೆ, ನವಿಲು ಕಡ್ಡಿ ಬೀಳಿಸುತ್ತದೆ, ಗಾಳಿಗೆ ತರಗೆಲೆ ಸರಸರ ಎನ್ನುತ್ತದೆ. ಇದೇ ಆ ಭಯ ಬರುತ್ತಿರುವುದು ಎಂದು ಅವರಿಗೆ ಅನ್ನಿಸುತ್ತದೆ. ಮರುಕ್ಷಣ, ನಾನೇಕೆ ಭಯವನ್ನೇ ಕಾಯುತ್ತ ಕೂತಿದ್ದೇನೆ ಎಂದು ತಮ್ಮನ್ನೇ ಕೇಳಿಕೊಳ್ಳುತ್ತಾರೆ. ಹೇಗಿದ್ದಾಗ ಅದು ಬಂತೋ ಹಾಗೇ ಇದ್ದು ಅದನ್ನು ಇಳಿಸಬೇಕೆಂದು ನಿಶ್ಚಯಿಸುತ್ತಾರೆ. ನಡೆಯುವಾಗ ಬಂದರೆ ನಡೆಯುತ್ತಲೇ, ಕೂತಾಗ ಬಂದರೆ ಕೂತೇ, ಮಲಗಿದಾಗ ಬಂದರೆ ಮಲಗಿಯೇ. ಓಡುವುದಿಲ್ಲ, ತಾಯತ ಹುಡುಕುವುದಿಲ್ಲ, ನಾಳೆ ಬಾ ಎಂದು ಬರೆಯುವುದೂ ಇಲ್ಲ.

ಇಂದಿನ ಮನೋವೈದ್ಯರು ಹೆದರಿಕೆಯ ಕಾಯಿಲೆಗೆ ಕೊಡುವ ಚಿಕಿತ್ಸೆ ಇದರ ಪಕ್ಕದ ಮನೆಯದು. ಯಾವುದಕ್ಕೆ ಹೆದರುತ್ತೀರೋ ಅದರ ಎದುರು ಸ್ವಲ್ಪ ಸ್ವಲ್ಪವಾಗಿ, ಓಡಿಹೋಗದೆ ನಿಲ್ಲಿಸುತ್ತಾರೆ. ಓಡಿದರೆ ತಕ್ಷಣ ಸಮಾಧಾನ ಸಿಗುತ್ತದೆ, ಆ ಸಮಾಧಾನವೇ ಭಯಕ್ಕೆ ಗೊಬ್ಬರ. ಎಡೆ ಇಟ್ಟ ವರ್ಷ ಏನೂ ಆಗಲಿಲ್ಲ, ಆದ್ದರಿಂದ ಎಡೆಯೇ ಕಾಪಾಡಿತು ಎಂದು ಲೆಕ್ಕ ಹಾಕುತ್ತೇವೆ. ಎಡೆ ಇಡದೆ, ಅಂದು ಸಂಜೆ ತೀರಿಕೊಂಡವರ ಹೆಸರು ಹೇಳಿ, ಅವರು ಪಟ್ಟ ಪಾಡನ್ನು ಮಕ್ಕಳಿಗೆ ತಿಳಿಸಿ, ಬುದ್ಧವಂದನೆ ಮಾಡಿ, ಒಂದಿಷ್ಟು ಅನ್ನ ದಾನ ಮಾಡಿ ಮಲಗಿ. ರಾತ್ರಿ ಭಯ ಬರಬಹುದು. ಬರಲಿ. ಮಲಗಿದ್ದಾಗ ಬಂದರೆ ಮಲಗಿಯೇ ನೋಡಿ. ಅಜ್ಜಿ ಬದುಕಿದ್ದಾಗ ತನ್ನ ಪಾಲಿನ ಮುದ್ದೆಯನ್ನು ಮೊಮ್ಮಗುವಿಗೆ ಕೊಟ್ಟವಳು. ಸತ್ತ ಮೇಲೆ ಒಂದು ಎಡೆಗಾಗಿ ಅದೇ ಮಗುವಿಗೆ ಜ್ವರ ತರಿಸುತ್ತಾಳೆ ಎಂದರೆ ಅಜ್ಜಿಗೆ ಎಂಥ ಅವಮಾನ!

ದೆವ್ವದ ಕಥೆಗಳ ಬಗ್ಗೆ ಇನ್ನೊಂದು ವಿಷಯ. ಸಿನಿಮಾದಲ್ಲಿ ಸ್ಮಶಾನ ಎಂದರೆ ಭಯದ ಜಾಗ. ನಮ್ಮ ಪೂರ್ವ ಬೆಂಗಳೂರಿನ ಕಲ್ಪಳ್ಳಿ ಸ್ಮಶಾನದಲ್ಲಿ ಗುಂಡಿ ತೋಡುವ ಕುಟುಂಬಗಳು ತಲೆಮಾರುಗಳಿಂದ ಬದುಕುತ್ತಿವೆ. ಮಕ್ಕಳು ಸಮಾಧಿಗಳ ನಡುವೆ ಆಡಿ ಬೆಳೆದವರು. 2021ರ ಕೊರೊನಾ ಎರಡನೇ ಅಲೆಯಲ್ಲಿ ನಗರದ ಚಿತಾಗಾರಗಳು ಹಗಲು ರಾತ್ರಿ ಉರಿದಾಗ, ಸ್ವಂತ ಮಕ್ಕಳೇ ಮುಟ್ಟಲು ಅಂಜಿದ ಹೆಣಗಳನ್ನು ಮುಟ್ಟಿದವರು ಇಂಥ ಕೆಲಸಗಾರರು. ಹಳ್ಳಿಯಲ್ಲಿ ಹೆಣದ ಮುಂದೆ ತಮಟೆ ಬಡಿದವರು, ಗುಂಡಿ ತೋಡಿದವರು ಯಾವ ಕೇರಿಯವರು ಎಂದು ನಮಗೆ ಹೇಳಿಕೊಡಬೇಕಾಗಿಲ್ಲ. ಸ್ಮಶಾನದ ದೆವ್ವದ ಕಥೆ ಕಟ್ಟಿದವರು ಅಲ್ಲಿಗೆ ಹೋಗದವರು. ಅಲ್ಲೇ ದುಡಿದವರಿಗೆ ಇದ್ದದ್ದು ಗ್ಲೌಸ್, ಸಂಬಳ, ಕಾಯಿಲೆಯ ಚಿಂತೆ. ಸತಿಪಟ್ಠಾನ ಸುತ್ತದಲ್ಲಿ ಬುದ್ಧರು ಹೆಣ ಹೇಗೆ ಕರಗಿ ಮೂಳೆಯಾಗಿ ಪುಡಿಯಾಗುತ್ತದೆ ಎಂಬುದನ್ನು ಒಂಬತ್ತು ಹಂತಗಳಲ್ಲಿ ನೋಡಲು ಭಿಕ್ಷುಗಳಿಗೆ ಹೇಳಿದರು. ನಮ್ಮ ಹಿರಿಯರು ಅದನ್ನು ಯಾರೂ ಹೇಳದೆ ನೋಡಿದವರು. ಆ ಕೆಲಸವನ್ನು ಜಾತಿಯಿಂದ ಹೇರಿದ್ದು ಅನ್ಯಾಯ, ಅದು ಬೇರೆ. ಹೆಣಕ್ಕೆ ಹೆದರದ ಅವರ ಕಣ್ಣು ಮಾತ್ರ ನಮ್ಮ ಆಸ್ತಿ.

ಕೊನೆಗೆ ಒಂದು ಎಚ್ಚರಿಕೆ. ಭಯ ಕಡಿಮೆಯಾಯಿತು ಎಂದ ಮಾತ್ರಕ್ಕೆ ತಿಳಿವಳಿಕೆ ಹೆಚ್ಚಿತು ಎಂದಲ್ಲ. ಮನಸ್ಸು ದಡ್ಡುಗಟ್ಟಿದರೂ ಭಯ ಕಡಿಮೆಯಾಗುತ್ತದೆ. ಮೊಬೈಲಿನಲ್ಲಿ ದಿನಕ್ಕೊಂದು ದೌರ್ಜನ್ಯದ ವಿಡಿಯೊ ಬರುತ್ತದೆ. ಮೊದಲನೆಯದನ್ನು ನೋಡಿ ಅನ್ನ ಸೇರಲಿಲ್ಲ, ಐವತ್ತನೆಯದನ್ನು ಊಟ ಮಾಡುತ್ತಲೇ ನೋಡುತ್ತೇವೆ. ಇದೂ ರೂಢಿಯೇ, ಬೆಕ್ಕು ಹಾರುವ ದೃಶ್ಯಕ್ಕೆ ಬೆಚ್ಚದೆ ಇರುವ ಹಾಗೆ.

ಕೆ.ಆರ್. ಪುರ ದಾಟಿ ಹೊಸಕೋಟೆ, ಆಮೇಲೆ ಚಿಂತಾಮಣಿ ತಾಲ್ಲೂಕು. ಅಲ್ಲಿನ ಕಂಬಾಲಪಲ್ಲಿಯಲ್ಲಿ 2000ರ ಮಾರ್ಚ್ 11ರಂದು ಏಳು ಮಂದಿ ದಲಿತರನ್ನು ಮನೆಯೊಳಗೆ ಸುಟ್ಟರು. 2006ರಲ್ಲಿ ಆರೋಪಿಗಳು ಖುಲಾಸೆಯಾದರು, 2014ರಲ್ಲಿ ಹೈಕೋರ್ಟ್ ಅದನ್ನೇ ಎತ್ತಿಹಿಡಿಯಿತು. ನಮ್ಮ ಬಳಗದ ಎಷ್ಟೋ ಮಂದಿಗೆ ಆ ಕಡೆ ನೆಂಟರಿದ್ದಾರೆ. ಆ ಸುದ್ದಿಗೆ ನಡುಗುವ ಮನಸ್ಸನ್ನು ಮೂಢನಂಬಿಕೆ ಎನ್ನಲಾಗುವುದಿಲ್ಲ. ಅದು ಇರಬೇಕು. ಧಮ್ಮದಲ್ಲಿ ಓತ್ತಪ್ಪ ಎಂಬ ಒಳ್ಳೆಯ ಅಂಜಿಕೆಗೂ ಜಾಗ ಇದೆ, ಕೆಟ್ಟದ್ದನ್ನು ಮಾಡಲು ಅಂಜುವುದು. ಅದು ಸುಟ್ಟವರಲ್ಲಿ ಇರಬೇಕಿತ್ತು. ನೋಡುವ ನಮ್ಮಲ್ಲಿ ಉಳಿಯಬೇಕಾದ್ದು ಕರುಣೆ. ಹಾಗಾಗಿ ಯಾವುದಾದರೂ ನಿಮ್ಮನ್ನು ಹೆದರಿಸುವುದು ನಿಂತಾಗ ಸ್ವಲ್ಪ ತಡೆದು ನೋಡಿ: ಎದುರಿಗೆ ನೊಂದವರು ಕಂಡರೆ ಮನಸ್ಸು ಇನ್ನೂ ಮಿಡಿಯುತ್ತಿದೆಯೇ?

ಭಾನುವಾರದ ಬಳಗಕ್ಕೆ ಭಯಭೇರವ ಸುತ್ತವನ್ನು ಓದಿಕೊಂಡು ಬನ್ನಿ. ಒಳಗೆ ಕೊಳೆ ಇಟ್ಟುಕೊಂಡು ಕಾಡಿಗೆ ಹೋದವರು ಭಯವನ್ನು ತಾವೇ ಕರೆದುಕೊಳ್ಳುತ್ತಾರೆ ಎಂದು ಬುದ್ಧರು ಹೇಳುವ ಭಾಗವನ್ನು ಅಂದು ಚರ್ಚಿಸೋಣ. ಮಕ್ಕಳನ್ನೂ ಕರೆತನ್ನಿ. ದೆವ್ವಕ್ಕೆ ಹೆದರುವ ಪುಟ್ಟ ಮಗು ಮನೆಯಲ್ಲಿದ್ದರೆ ಈ ಪಾಠವನ್ನೆಲ್ಲ ಅದಕ್ಕೆ ಒಪ್ಪಿಸಲು ಹೋಗಬೇಡಿ. ಅಷ್ಟು ಚಿಕ್ಕ ವಯಸ್ಸಿಗೆ ‘ಅದು ಸುಳ್ಳು ಕಂದ’ ಎಂಬ ವಿವರಣೆ ಅಷ್ಟಾಗಿ ನಾಟುವುದಿಲ್ಲ. ಪಕ್ಕದಲ್ಲಿ ಮಲಗಿ, ಕೈ ಹಿಡಿದುಕೊಳ್ಳಿ, ಚಿಕ್ಕ ದೀಪವೊಂದು ಉರಿಯಲಿ. ಬೆಳಿಗ್ಗೆ ಎದ್ದ ಮೇಲೆ ಅಲುಗಾಡಿದ ಆ ಸೀರೆಯನ್ನು ಮಗುವಿನ ಕೈಯಲ್ಲೇ ಮುಟ್ಟಿಸಿ.

ಜೈ ಭೀಮ್. ನಮೋ ಬುದ್ಧಾಯ.